ಮಕ್ಕಳನ್ನು ನೋಡಿ ಕಲಿತ ವೈದ್ಯೆ ಮರಿಯಾ ಮಾಂಟೆಸ್ಸರಿ

ಮಕ್ಕಳೇ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಯಾವುದಾದರೂ ಪೇಟೆಗೆ ಹೋದಾಗ ಬಣ್ಣ ಬಣ್ಣದ ಬೋರ್ಡಿನ ಮೇಲೆ ಮಾಂಟೆಸ್ಸರಿ ಎಂಬ ಪದವನ್ನು ನೀವು ಓದಿರಬಹುದು. ಸಾಮಾನ್ಯವಾಗಿ ಅದು ಚಿಕ್ಕ ಮಕ್ಕಳ ಖಾಸಗಿ ಶಾಲೆಯ ಬೋರ್ಡಾಗಿರುತ್ತದೆ. ಆದ್ದರಿಂದ ಮಾಂಟೆಸ್ಸರಿ ಎಂದರೆ ಫೀಸು ಕಟ್ಟುವವರ ಶಾಲೆ, ಇಂಗ್ಲಿಷ್ ಶಾಲೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ನಿಜವಾಗಿ ಅದು ಒಬ್ಬ ಹೆಣ್ಣುಮಗಳ ಮನೆತನದ ಹೆಸರು. ಆಕೆ ವೈದ್ಯೆ, ವಿಜ್ಞಾನಿ. ಆಕೆಯ ಹೆಸರು ಜಗತ್ತಿಗೆಲ್ಲ ಗೊತ್ತಾದದ್ದು ಕೂಲಿಕಾರರ ಮಕ್ಕಳಿಗಾಗಿ ತೆರೆದ ಒಂದು ಕೋಣೆಯಿಂದ. ಅಪ್ಪ ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋದರೆ ಮನೆಯಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲದ ಮಕ್ಕಳು ಅವರು. ಗುಳೆ ಹೋಗುವ ಕುಟುಂಬಗಳನ್ನು ಕಂಡಿರುವ ನಮ್ಮ ಭಾಗದವರಿಗೆ ಅಂತಹ ಮಕ್ಕಳು ಅಪರಿಚಿತರೇನೂ ಅಲ್ಲ.

ಎಂಜಿನಿಯರ್ ಆಗಬೇಕೆಂದ ಹುಡುಗಿ

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿ ದೇಶದ ಕಿಯಾರವಾಲ್ಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂದ್ರೊ ಸರ್ಕಾರಿ ನೌಕರರು. ತಾಯಿ ರೆನಿಲ್ದೆಗೆ ಓದಿನ ಹುಚ್ಚು. ಮರಿಯಾ ಐದು ವರ್ಷದವಳಿದ್ದಾಗ ಕುಟುಂಬ ರಾಜಧಾನಿ ರೋಮ್‌ಗೆ ಬಂದು ನೆಲೆಸಿತು.

ಆ ಕಾಲದಲ್ಲಿ ಹುಡುಗಿಯರು ಹೆಚ್ಚೆಂದರೆ ಶಿಕ್ಷಕಿಯಾಗಬಹುದಿತ್ತು. ಮರಿಯಾಳಿಗೆ ಅದು ಬೇಡವಾಗಿತ್ತು. ಅವಳಿಗೆ ಗಣಿತ ಇಷ್ಟ, ಎಂಜಿನಿಯರ್ ಆಗುವ ಆಸೆ. ಹದಿಮೂರನೆಯ ವಯಸ್ಸಿಗೆ ತಾಂತ್ರಿಕ ಶಾಲೆಗೆ ಸೇರಿದಳು. ಹುಡುಗರೇ ತುಂಬಿದ್ದ ಶಾಲೆ ಅದು. ಮುಂದೆ ಮನಸ್ಸು ಬದಲಾಗಿ ವೈದ್ಯಳಾಗುತ್ತೇನೆಂದು ಹಟ ಹಿಡಿದಾಗ ತಂದೆಗೆ ಹಿಡಿಸಲಿಲ್ಲ. ತಾಯಿ ಮಾತ್ರ ಬೆನ್ನಿಗೆ ನಿಂತರು. ಮೊದಲು ವಿಶ್ವವಿದ್ಯಾನಿಲಯದಲ್ಲಿ ನಿಸರ್ಗ ವಿಜ್ಞಾನ ಓದಿ, ಅನಂತರ ವೈದ್ಯಕೀಯ ವಿಭಾಗಕ್ಕೆ ಪ್ರವೇಶ ಪಡೆದಳು.

ಅಲ್ಲಿನ ಕಷ್ಟ ಬೇರೆಯೇ ಇತ್ತು. ವೈದ್ಯಕೀಯ ವಿದ್ಯಾರ್ಥಿಗಳು ಮನುಷ್ಯನ ದೇಹದ ರಚನೆ ತಿಳಿಯಲು ಶವವನ್ನು ಕತ್ತರಿಸಿ ನೋಡಬೇಕು. ಗಂಡಸರ ಜೊತೆ ನಿಂತು ಹೆಣ್ಣೊಬ್ಬಳು ಶವವನ್ನು ನೋಡುವುದು ಸಭ್ಯತೆಯಲ್ಲ ಎಂದು ಆಗಿನವರು ಭಾವಿಸಿದ್ದರು. ಹಾಗಾಗಿ ಎಲ್ಲರೂ ಮನೆಗೆ ಹೋದ ಮೇಲೆ, ಸಂಜೆ ಹೊತ್ತಿನಲ್ಲಿ, ಮರಿಯಾ ಒಬ್ಬಳೇ ಆ ಕೋಣೆಯಲ್ಲಿ ಶವಗಳ ನಡುವೆ ನಿಂತು ಕಲಿಯಬೇಕಾಯಿತು. ಇಪ್ಪತ್ತಮೂರು ಇಪ್ಪತ್ತನಾಲ್ಕು ವರ್ಷದ ಹುಡುಗಿ! ಬೀದಿಯಲ್ಲಿ ಹೆಣ್ಣುಮಕ್ಕಳು ಒಬ್ಬರೇ ಓಡಾಡುವ ರೂಢಿ ಇರಲಿಲ್ಲವಾದ್ದರಿಂದ, ಒಪ್ಪಿಗೆ ಇಲ್ಲದಿದ್ದರೂ ತಂದೆಯೇ ಅವಳನ್ನು ಕಾಲೇಜಿಗೆ ಕರೆದುಕೊಂಡು ಹೋಗುತ್ತಿದ್ದರು.

1896ರ ಜುಲೈನಲ್ಲಿ ಮರಿಯಾ ಮಾಂಟೆಸ್ಸರಿ ಡಾಕ್ಟರ್ ಆದರು. ಇಟಲಿಯ ಮೊಟ್ಟಮೊದಲ ವೈದ್ಯೆ ಎಂದು ಕೆಲವು ಪುಸ್ತಕಗಳಲ್ಲಿ ಬರೆದಿರುತ್ತಾರೆ, ಅದು ಸರಿಯಲ್ಲ. ಅವರಿಗಿಂತ ಮೊದಲು ಕೆಲವರು ವೈದ್ಯೆಯರಾಗಿದ್ದರು. ಮೊದಲಿಗರಲ್ಲಿ ಒಬ್ಬರು ಎಂದರೆ ಸಾಕು, ಅದೇನು ಕಡಿಮೆಯ ಮಾತಲ್ಲ.

ರೊಟ್ಟಿಯ ಚೂರುಗಳು

ಡಾಕ್ಟರ್ ಆದ ಮೇಲೆ ಅವರು ರೋಮ್ ವಿಶ್ವವಿದ್ಯಾನಿಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದರು. ಇಂದು ನಾವು ವಿಶೇಷ ಅಗತ್ಯವುಳ್ಳ ಮಕ್ಕಳು ಎನ್ನುತ್ತೇವಲ್ಲ, ಅಂತಹ ಮಕ್ಕಳನ್ನು ಆಗ ದೊಡ್ಡ ಮನೋರೋಗಿಗಳ ಜೊತೆಯಲ್ಲೇ ಕೂಡಿಹಾಕುತ್ತಿದ್ದರು. ಒಂದು ಕಡೆ ಬರಿಗೋಡೆಯ ಕೋಣೆಯಲ್ಲಿ ಮಕ್ಕಳು ತುಂಬಿದ್ದರು. ಊಟವಾದ ಮೇಲೆ ಅವರು ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳಿಗಾಗಿ ತೆವಳಾಡುತ್ತಿದ್ದರು. ನೋಡಿಕೊಳ್ಳುವ ಹೆಂಗಸಿಗೆ ಅದು ಬರೀ ಹೊಟ್ಟೆಬಾಕತನವಾಗಿ ಕಂಡು ಅಸಹ್ಯವಾಗಿತ್ತು.

ಮಾಂಟೆಸ್ಸರಿಯವರು ಕೋಣೆಯ ಸುತ್ತ ಕಣ್ಣಾಡಿಸಿದರು. ಅಲ್ಲಿ ಒಂದು ಆಟಿಕೆ ಇಲ್ಲ, ಕಡ್ಡಿ ಇಲ್ಲ, ಕಲ್ಲಿಲ್ಲ. ಕೈಗೆ ಸಿಗುವ ವಸ್ತುವೇ ಇಲ್ಲ. ಮಕ್ಕಳು ಆ ಚೂರುಗಳನ್ನು ಮುಟ್ಟುತ್ತಿದ್ದರು, ಹಿಸುಕುತ್ತಿದ್ದರು, ಅವುಗಳ ಜೊತೆ ಆಡುತ್ತಿದ್ದರು. ಅವರ ಹಸಿವು ಹೊಟ್ಟೆಯದಲ್ಲ, ಕೈಯದು ಎಂದು ಮಾಂಟೆಸ್ಸರಿಯವರಿಗೆ ಹೊಳೆಯಿತು. ಇಬ್ಬರೂ ನೋಡಿದ್ದು ಒಂದೇ ದೃಶ್ಯವನ್ನು. ಒಬ್ಬರು ಬೈಗುಳಕ್ಕೆ ಕಾರಣ ಹುಡುಕಿದರು, ಇನ್ನೊಬ್ಬರು ಕಾರಣವನ್ನು ಹುಡುಕಿದರು.

ಇಂತಹ ಮಕ್ಕಳ ಬಗ್ಗೆ ಹಿಂದೆ ಯಾರಾದರೂ ಕೆಲಸ ಮಾಡಿದ್ದಾರೆಯೇ ಎಂದು ಹುಡುಕಿದಾಗ ಫ್ರಾನ್ಸ್ ದೇಶದ ಇಬ್ಬರು ವೈದ್ಯರ ಬರಹಗಳು ಸಿಕ್ಕವು. ಒಬ್ಬರು ಇಟಾರ್. ಕಾಡಿನಲ್ಲಿ ಸಿಕ್ಕಿದ, ಮಾತು ಬಾರದ ಹುಡುಗನೊಬ್ಬನಿಗೆ ಕಲಿಸಲು ವರ್ಷಗಟ್ಟಲೆ ದುಡಿದವರು. ಇನ್ನೊಬ್ಬರು ಅವರ ಶಿಷ್ಯ ಸೆಗೆಂ. ಮುಟ್ಟಿ, ಹಿಡಿದು, ಜೋಡಿಸಿ ಕಲಿಯುವ ಸಾಧನಗಳನ್ನು ಸೆಗೆಂ ಮಾಡಿದ್ದರು. ಮಾಂಟೆಸ್ಸರಿಯವರು ಆ ಪುಸ್ತಕಗಳನ್ನು ತಮ್ಮ ಕೈಯಾರೆ ಇಟಾಲಿಯನ್ ಭಾಷೆಗೆ ಬರೆದುಕೊಂಡರು. ನಿಧಾನವಾಗಿ ಬರೆದರೆ ಪ್ರತಿ ಮಾತಿನ ಅರ್ಥ ಮನಸ್ಸಿಗೆ ಇಳಿಯುತ್ತದೆ ಎಂಬುದು ಅವರ ಲೆಕ್ಕಾಚಾರ.

1900ರಲ್ಲಿ ರೋಮ್‌ನಲ್ಲಿ ಅಂತಹ ಮಕ್ಕಳಿಗಾಗಿಯೇ ಶಾಲೆಯೊಂದು ಆರಂಭವಾದಾಗ ಮಾಂಟೆಸ್ಸರಿಯವರು ಅದರ ಮುಖ್ಯಸ್ಥರಲ್ಲಿ ಒಬ್ಬರಾದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮಕ್ಕಳ ಜೊತೆ, ರಾತ್ರಿ ಟಿಪ್ಪಣಿ ಬರೆಯುವ ಕೆಲಸ. ಏನೂ ಕಲಿಯಲಾರರು ಎಂದು ಎಲ್ಲರೂ ಕೈಬಿಟ್ಟಿದ್ದ ಆ ಮಕ್ಕಳಲ್ಲಿ ಕೆಲವರು ಓದಲು ಬರೆಯಲು ಕಲಿತು, ಸಾಮಾನ್ಯ ಮಕ್ಕಳಿಗೆ ನಡೆಸುವ ಪರೀಕ್ಷೆಯಲ್ಲಿಯೇ ಪಾಸಾದರು. ಊರಿಗೆ ಊರೇ ಬೆರಗಾಯಿತು.

ಮಾಂಟೆಸ್ಸರಿಯವರನ್ನು ಮಾತ್ರ ಬೇರೆಯೇ ಪ್ರಶ್ನೆ ಕಾಡತೊಡಗಿತು. ಇಷ್ಟೊಂದು ತೊಂದರೆಯಿರುವ ಮಕ್ಕಳು ಆರೋಗ್ಯವಂತ ಮಕ್ಕಳ ಸಮಕ್ಕೆ ಬಂದರೆಂದರೆ, ಆರೋಗ್ಯವಂತ ಮಕ್ಕಳನ್ನು ಅಷ್ಟು ಕೆಳಗೆ ಹಿಡಿದಿಟ್ಟಿರುವುದು ಯಾವುದು? ಶಾಲೆಯೇ ಇರಬಹುದೇ? ಈ ಪ್ರಶ್ನೆಯನ್ನು ಇನ್ನೊಮ್ಮೆ ಓದಿ. ಅವರ ಮುಂದಿನ ಐವತ್ತು ವರ್ಷಗಳ ಕೆಲಸವೆಲ್ಲ ಇದರಿಂದಲೇ ಹುಟ್ಟಿತು.

ಇದೇ ವರ್ಷಗಳಲ್ಲಿ ಅವರ ಬದುಕಿನಲ್ಲಿ ಒಂದು ನೋವು ಸೇರಿಕೊಂಡಿತ್ತು. 1898ರಲ್ಲಿ ಅವರಿಗೆ ಮಾರಿಯೊ ಎಂಬ ಮಗ ಹುಟ್ಟಿದ. ಅವರಿಗೆ ಮದುವೆಯಾಗಿರಲಿಲ್ಲ. ಆ ಕಾಲದ ಕಟ್ಟುಪಾಡಿನಲ್ಲಿ ವಿಷಯ ಬಯಲಾದರೆ ಅವರ ಕೆಲಸ, ಓದು ಎಲ್ಲವೂ ನಿಂತುಹೋಗುತ್ತಿತ್ತು. ಮಗು ಹಳ್ಳಿಯ ಬೇರೆ ಮನೆಯಲ್ಲಿ ಬೆಳೆಯಿತು. ತಾಯಿ ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದರು. ಲೋಕದ ಮಕ್ಕಳ ಬಗ್ಗೆ ಚಿಂತಿಸಿದವರಿಗೆ ತಮ್ಮ ಮಗುವನ್ನು ಎತ್ತಿ ಆಡಿಸುವ ಭಾಗ್ಯ ಸಿಗಲಿಲ್ಲ. ಮಾರಿಯೊ ಹದಿನೈದು ವರ್ಷದವನಾದಾಗ ತಾಯಿಯ ಬಳಿಗೆ ಬಂದ. ಮುಂದೆ ಕೊನೆಯವರೆಗೂ ಅವರ ಜೊತೆಗೇ ಇದ್ದ. ಅವನ ಹೆಸರು ನೆನಪಿಡಿ, ನಮ್ಮ ದೇಶದ ಕಥೆಯಲ್ಲಿ ಮತ್ತೆ ಬರುತ್ತಾನೆ.

ಗೋಡೆ ಹಾಳುಮಾಡುವ ಮಕ್ಕಳು

ರೋಮ್ ನಗರದ ಸ್ಯಾನ್ ಲೊರೆಂಜೊ ಬಡವರ ಬಡಾವಣೆ. ಅಲ್ಲಿ ಅರ್ಧಕ್ಕೆ ನಿಂತಿದ್ದ ಕಟ್ಟಡಗಳನ್ನು ಒಂದು ಸಂಸ್ಥೆ ದುರಸ್ತಿ ಮಾಡಿ ಕೂಲಿ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತು. ದೊಡ್ಡವರು ದುಡಿಯಲು ಹೋದರೆ ಚಿಕ್ಕ ಮಕ್ಕಳು ಮೆಟ್ಟಿಲುಗಳಲ್ಲಿ ಓಡಾಡಿ ಹೊಸ ಗೋಡೆಗಳ ಮೇಲೆ ಗೀಚುತ್ತಿದ್ದರು. ಇವರನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿದರೆ ಗೋಡೆಗಳಾದರೂ ಉಳಿದಾವು ಎಂದು ಮಾಲೀಕರು ಯೋಚಿಸಿದರು. ಆ ಕೆಲಸ ನೋಡಿಕೊಳ್ಳಲು ಡಾಕ್ಟರ್ ಮಾಂಟೆಸ್ಸರಿಯವರನ್ನು ಕರೆದರು. ಜಗತ್ಪ್ರಸಿದ್ಧ ಶಾಲೆಯೊಂದು ಗೋಡೆಯ ಸುಣ್ಣ ಬಣ್ಣ ಉಳಿಸಲು ಹುಟ್ಟಿತೆಂದರೆ ನಗು ಬರುತ್ತದೆ, ಆದರೆ ನಡೆದದ್ದು ಹಾಗೆಯೇ.

1907ರ ಜನವರಿ 6ರಂದು ಆ ಕೋಣೆ ತೆರೆಯಿತು. ಮಕ್ಕಳ ಮನೆ ಎಂದು ಅದಕ್ಕೆ ಹೆಸರಾಯಿತು. ಮೂರರಿಂದ ಆರು ಏಳು ವರ್ಷದೊಳಗಿನ ಸುಮಾರು ಐವತ್ತು ಮಕ್ಕಳು. ಹೆಚ್ಚಿನವರು ಅಳುಬುರುಕರು, ಅಂಜುಬುರುಕರು. ಅವರನ್ನು ನೋಡಿಕೊಳ್ಳಲು ಶಿಕ್ಷಕ ತರಬೇತಿ ಇಲ್ಲದ ಒಬ್ಬ ಸಾಮಾನ್ಯ ಯುವತಿ ಇದ್ದಳು. ಮಾಂಟೆಸ್ಸರಿಯವರು ಅವಳಿಗೆ ಹೆಚ್ಚಿನದೇನನ್ನೂ ಹೇರಲಿಲ್ಲ. ಸಾಧನಗಳನ್ನು ಹೇಗೆ ಬಳಸುವುದೆಂದು ತೋರಿಸಿದರು, ಮಕ್ಕಳು ಏನು ಮಾಡುತ್ತಾರೋ ನೋಡಿ ತಮಗೆ ಹೇಳುವಂತೆ ಕೇಳಿಕೊಂಡರು.

ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಗೆ ನೀವು ಹೋಗಿದ್ದೀರಾ? ಅಲ್ಲಿ ಜಾಲಿಮರಗಳ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳನ್ನು ನೋಡಲು ಬರುವವರು ಏನು ಮಾಡುತ್ತಾರೆ? ಸದ್ದು ಮಾಡದೆ ದೂರದಲ್ಲಿ ಕೂರುತ್ತಾರೆ, ನೋಡುತ್ತಾರೆ, ಬರೆದುಕೊಳ್ಳುತ್ತಾರೆ. ಹಕ್ಕಿಗೆ ಹೀಗೆ ಮಾಡು ಹಾಗೆ ಮಾಡು ಎಂದು ಯಾರೂ ಹೇಳುವುದಿಲ್ಲ. ಮಾಂಟೆಸ್ಸರಿಯವರು ಮಕ್ಕಳನ್ನು ನೋಡಿದ್ದು ಈ ರೀತಿ.

ಅವರು ಕಂಡದ್ದನ್ನು ಕೇಳಿ. ಮರದ ದಿಮ್ಮಿಯೊಂದರಲ್ಲಿ ಹತ್ತು ಕುಳಿಗಳು. ಅವುಗಳಿಗೆ ಸರಿಯಾಗಿ ಹೊಂದುವ ಹತ್ತು ಮರದ ಸಿಲಿಂಡರ್‌ಗಳು, ಒಂದಕ್ಕಿಂತ ಒಂದು ತುಸು ದಪ್ಪ. ಎಲ್ಲವನ್ನೂ ಹೊರಗೆ ತೆಗೆದು, ಕಲೆಸಿ, ಮತ್ತೆ ಅವುಗಳ ಕುಳಿಗಳಲ್ಲಿ ಇಡಬೇಕು. ಸಣ್ಣದನ್ನು ದೊಡ್ಡ ಕುಳಿಗೆ ಹಾಕಿದರೆ ಕೊನೆಗೆ ಒಂದು ಸಿಲಿಂಡರ್ ಹೊರಗೇ ಉಳಿಯುತ್ತದೆ. ತಪ್ಪು ತೋರಿಸಲು ಮೇಷ್ಟರು ಬೇಕಿಲ್ಲ, ಕೆಂಪು ಶಾಯಿಯೂ ಬೇಕಿಲ್ಲ. ಸುಮಾರು ಮೂರು ವರ್ಷದ ಒಬ್ಬ ಹುಡುಗಿ ಇದನ್ನು ಮಾಡುತ್ತ ಕುಳಿತಿದ್ದಳು. ಮಾಂಟೆಸ್ಸರಿಯವರಿಗೆ ಕುತೂಹಲ ಹುಟ್ಟಿ ಎಣಿಸತೊಡಗಿದರು. ಆಮೇಲೆ ಪರೀಕ್ಷಿಸೋಣವೆಂದು ಉಳಿದ ಮಕ್ಕಳಿಗೆ ಗಟ್ಟಿಯಾಗಿ ಹಾಡಲು ಹೇಳಿದರು. ಹುಡುಗಿಯನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲಿಟ್ಟರು. ಅವಳು ಸಿಲಿಂಡರ್‌ಗಳನ್ನು ಮಡಿಲಲ್ಲಿ ಅವುಚಿಕೊಂಡು ಕೆಲಸ ಮುಂದುವರಿಸಿದಳು! ನಲವತ್ತಕ್ಕೂ ಹೆಚ್ಚು ಬಾರಿ ಮಾಡಿದ ಮೇಲೆ ತಾನಾಗಿ ನಿಲ್ಲಿಸಿ, ಒಳ್ಳೆಯ ನಿದ್ರೆಯಿಂದ ಎದ್ದವಳಂತೆ ಸುತ್ತ ನೋಡಿ ನಕ್ಕಳು.

ಚಿಕ್ಕ ಮಕ್ಕಳಿಗೆ ಏಕಾಗ್ರತೆ ಇರುವುದಿಲ್ಲ ಎಂದು ಅಂದಿನವರು ನಂಬಿದ್ದರು. ಇಂದಿನವರೂ ಎಷ್ಟೋ ಜನ ಹಾಗೆ ಹೇಳುತ್ತಾರೆ. ಆ ಹುಡುಗಿಯ ಮುಂದೆ ಆ ಮಾತು ನಿಲ್ಲಲಿಲ್ಲ.

ಇನ್ನೊಂದು ದಿನ ಶಿಕ್ಷಕಿ ತಡವಾಗಿ ಬಂದಳು. ಸಾಧನಗಳ ಬೀರುವಿಗೆ ಬೀಗ ಹಾಕುವುದನ್ನು ಮರೆತಿದ್ದಳು. ಬಂದು ನೋಡಿದರೆ ಮಕ್ಕಳು ತಮಗೆ ಬೇಕಾದುದನ್ನು ತಾವೇ ತೆಗೆದುಕೊಂಡು ಕೆಲಸದಲ್ಲಿ ಮುಳುಗಿದ್ದರು. ಇದು ಕಳ್ಳತನ, ಶಿಕ್ಷೆ ಕೊಡಬೇಕು ಎಂದು ಅವಳಿಗೆ ಅನ್ನಿಸಿತು. ಮಾಂಟೆಸ್ಸರಿಯವರಿಗೆ ಹಾಗೆ ಅನ್ನಿಸಲಿಲ್ಲ. ಯಾವ ಸಾಧನ ಎಲ್ಲಿರುತ್ತದೆ ಎಂದು ಮಕ್ಕಳಿಗೆ ಚೆನ್ನಾಗಿ ಗೊತ್ತಿದೆ, ತಮಗೇನು ಬೇಕು ಎಂಬುದೂ ಗೊತ್ತಿದೆ ಎಂದು ಅವರು ತಿಳಿದರು. ಬೀಗದ ಬೀರು ಹೋಗಿ ಮಕ್ಕಳ ಕೈಗೆಟಕುವ ಗಿಡ್ಡ ಕಪಾಟುಗಳು ಬಂದವು. ದೊಡ್ಡ ಬೆಂಚುಗಳ ಬದಲು ಮಗುವೇ ಎತ್ತಿಡಬಹುದಾದ ಹಗುರ ಮೇಜು ಕುರ್ಚಿಗಳು ಬಂದವು.

ಒಮ್ಮೆ ಅವರು ಮೂಗು ಒರೆಸಿಕೊಳ್ಳುವ ಪಾಠ ಮಾಡಿದರು. ಹೌದು, ಮೂಗು ಒರೆಸುವುದೇ! ಕರವಸ್ತ್ರವನ್ನು ಹೇಗೆ ಮಡಚಬೇಕು, ಸದ್ದಾಗದಂತೆ ಹೇಗೆ ಒರೆಸಿಕೊಳ್ಳಬೇಕು ಎಂದು ತೋರಿಸಿದರು. ಮಕ್ಕಳು ನಗುತ್ತಾರೆಂದುಕೊಂಡಿದ್ದರೆ ಅವರು ಚಪ್ಪಾಳೆ ತಟ್ಟಿದರು. ಸುರಿಯುವ ಮೂಗಿಗಾಗಿ ಬೈಸಿಕೊಂಡಿದ್ದವರೇ ಎಲ್ಲ, ಹೇಗೆ ಒರೆಸಿಕೊಳ್ಳಬೇಕೆಂದು ಮಾತ್ರ ಅಲ್ಲಿಯವರೆಗೆ ಯಾರೂ ಕಲಿಸಿರಲಿಲ್ಲ.

ಓದುಬರಹ ಬಾರದ ತಾಯಂದಿರು ತಮ್ಮ ಮಕ್ಕಳಿಗಾದರೂ ಅಕ್ಷರ ಕಲಿಸಿ ಎಂದು ಕೇಳಿಕೊಂಡರು. ಮಾಂಟೆಸ್ಸರಿಯವರು ಬಡಗಿಗಳು ಮರ ಉಜ್ಜುವ ಸ್ಯಾಂಡ್‌ಪೇಪರಿನಲ್ಲಿ ಅಕ್ಷರಗಳನ್ನು ಕತ್ತರಿಸಿ ಅಂಟಿಸಿದರು. ಮಗು ಬೆರಳಿನಿಂದ ಅಕ್ಷರವನ್ನು ತೀಡುತ್ತ ಅದರ ಉಚ್ಚಾರಣೆಯನ್ನು ಹೇಳಬೇಕು. ಕಣ್ಣು, ಕಿವಿ, ಬೆರಳು ಮೂರೂ ಒಟ್ಟಿಗೆ ಕಲಿಯುತ್ತವೆ. ನಮ್ಮ ಕನ್ನಡದ ಹಾಗೆ ಇಟಾಲಿಯನ್ ಕೂಡ ಬಹುಮಟ್ಟಿಗೆ ಬರೆದಂತೆ ಓದುವ ಭಾಷೆ, ಅದು ಅನುಕೂಲವಾಯಿತು. ಕೆಲವು ತಿಂಗಳು ಕಳೆದವು. ಒಂದು ದಿನ ಬಿಸಿಲಲ್ಲಿ ಮಾಳಿಗೆಯ ಮೇಲೆ ಕುಳಿತಿದ್ದಾಗ ಹುಡುಗನೊಬ್ಬ ಸೀಮೆಸುಣ್ಣದಿಂದ ಹೊಗೆ ಕೊಳವೆಯ ಚಿತ್ರ ಬರೆದ. ಆಮೇಲೆ ಇದ್ದಕ್ಕಿದ್ದಂತೆ ಅದರ ಹೆಸರನ್ನೂ ಬರೆದ, ಬರೆಯುತ್ತಿದ್ದೇನೆ ಎಂದು ಕೂಗಿಕೊಂಡ. ಉಳಿದವರೂ ಸೀಮೆಸುಣ್ಣ ಕಿತ್ತುಕೊಂಡು ನೆಲ, ಬಾಗಿಲು ಎಲ್ಲೆಂದರಲ್ಲಿ ಬರೆಯತೊಡಗಿದರು. ಅವರೆಲ್ಲ ನಾಲ್ಕೈದು ವರ್ಷದವರು.

ಗೋಡೆ ಉಳಿಸಲು ಕೋಣೆ ಕೊಟ್ಟ ಮಾಲೀಕರಿಗೆ ಆಗ ಏನನ್ನಿಸಿತೋ!

ನೀವೂ ಮಾಡಿ ನೋಡಿ

ಇಂದ್ರಿಯಗಳಿಗೆ ಕೆಲಸ ಕೊಡುವ ಹತ್ತಾರು ಸಾಧನಗಳನ್ನು ಮಾಂಟೆಸ್ಸರಿಯವರು ರೂಪಿಸಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕಾಳುಗಳನ್ನು ಬೇರ್ಪಡಿಸುವುದು ಅವುಗಳಲ್ಲಿ ಒಂದು. ಇದಕ್ಕೆ ದುಡ್ಡು ಬೇಕಿಲ್ಲ. ಒಂದು ತಟ್ಟೆಯಲ್ಲಿ ಜೋಳ, ತೊಗರಿ, ಶೇಂಗಾ ಮತ್ತು ಹುಣಸೆ ಬೀಜವನ್ನು ಕಲೆಸಿ, ಗೆಳೆಯನ ಕಣ್ಣಿಗೆ ಬಟ್ಟೆ ಕಟ್ಟಿ, ಬೆರಳಿನಿಂದಲೇ ನಾಲ್ಕು ಗುಂಪು ಮಾಡಲು ಹೇಳಿ. ಸುಲಭವಾದರೆ ಜೋಳದ ಜೊತೆ ಸಜ್ಜೆ ಸೇರಿಸಿ. ಬೆರಳ ತುದಿ ಎಷ್ಟು ಸೂಕ್ಷ್ಮ ಎಂಬುದು ಆಗ ತಿಳಿಯುತ್ತದೆ.

ಇನ್ನೊಂದು ಸಾಧನ ಗುಲಾಬಿ ಬಣ್ಣದ ಗೋಪುರ. ಅದರಲ್ಲಿ ಹತ್ತು ಮರದ ಘನಗಳಿವೆ. ಅತಿ ಚಿಕ್ಕದರ ಅಂಚು 1 ಸೆಂ.ಮೀ., ನಂತರದ್ದು 2 ಸೆಂ.ಮೀ., ಹೀಗೆ ಕೊನೆಯದು 10 ಸೆಂ.ಮೀ. ಮೂರು ವರ್ಷದ ಮಗು ಇವನ್ನು ಒಂದರ ಮೇಲೊಂದು ಪೇರಿಸುತ್ತದೆ. ನೀವು ದೊಡ್ಡವರು, ಆದ್ದರಿಂದ ನಿಮಗೊಂದು ಲೆಕ್ಕ. ಅತಿ ದೊಡ್ಡ ಘನ ಅತಿ ಚಿಕ್ಕದಕ್ಕಿಂತ ಎಷ್ಟು ಪಟ್ಟು ಭಾರ? ಹತ್ತು ಪಟ್ಟು ಎಂದರೆ ತಪ್ಪು. 10×10×10, ಅಂದರೆ ಸಾವಿರ ಪಟ್ಟು! ಹತ್ತೂ ಘನಗಳ ಒಟ್ಟು ಗಾತ್ರ 3025 ಘನ ಸೆಂ.ಮೀ. ಇದು 55×55 ಕೂಡ ಹೌದು. 1ರಿಂದ 10ರವರೆಗೆ ಕೂಡಿದರೆ ಎಷ್ಟು ಬರುತ್ತದೆಂದು ನೋಡಿ, ಅಲ್ಲೊಂದು ಸ್ವಾರಸ್ಯವಿದೆ.

ಹೆಸರು ಹರಡಿತು, ಬಾಗಿಲುಗಳು ಮುಚ್ಚಿದವು

ಮಾಂಟೆಸ್ಸರಿಯವರು 1909ರಲ್ಲಿ ಬರೆದ ಪುಸ್ತಕ ಹಲವು ಭಾಷೆಗಳಿಗೆ ಅನುವಾದವಾಯಿತು. 1913ರಲ್ಲಿ ಅವರು ಅಮೆರಿಕಕ್ಕೆ ಹೋದರು. ದೂರವಾಣಿಯನ್ನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವರ ಪತ್ನಿ ಈ ಪದ್ಧತಿಯ ಬೆಂಬಲಿಗರಾಗಿದ್ದರು. ಕಣ್ಣು ಕಾಣದ, ಕಿವಿ ಕೇಳದ ಹೆಲನ್ ಕೆಲ್ಲರ್ ಅವರನ್ನೂ ಆಗ ಭೇಟಿಯಾದರು. ಬೆರಳಿನಿಂದಲೇ ಲೋಕವನ್ನು ಕಲಿತವರಲ್ಲವೇ ಹೆಲನ್! 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ದೊಡ್ಡ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯೊಂದನ್ನು ನಿರ್ಮಿಸಿದ್ದರು. ಹೊರಗೆ ಜನ ಮುತ್ತಿಕೊಂಡು ನೋಡುತ್ತಿದ್ದರೂ ಒಳಗಿನ ಮಕ್ಕಳು ತಮ್ಮ ಕೆಲಸದಲ್ಲಿ ಮಗ್ನರಾಗಿರುತ್ತಿದ್ದರು.

ಇಟಲಿಯಲ್ಲಿ ಮುಸೊಲಿನಿ ಎಂಬ ಸರ್ವಾಧಿಕಾರಿ ಬಂದ. 1924ರಿಂದ ಅವನ ಸರ್ಕಾರ ಮಾಂಟೆಸ್ಸರಿ ಶಾಲೆಗಳಿಗೆ ನೆರವು ಕೊಟ್ಟಿತು, ಅವರು ಅದನ್ನು ತೆಗೆದುಕೊಂಡರು. ಇದಕ್ಕಾಗಿ ಅವರನ್ನು ಟೀಕಿಸುವವರಿದ್ದಾರೆ, ಟೀಕೆಯಲ್ಲಿ ಹುರುಳಿದೆ. ಆದರೆ ಆ ಸ್ನೇಹ ಉಳಿಯಲಿಲ್ಲ. ಮಕ್ಕಳನ್ನು ಪುಟ್ಟ ಸೈನಿಕರಂತೆ ಸಾಲಾಗಿ ನಿಲ್ಲಿಸಬೇಕೆನ್ನುವವರಿಗೂ, ತನ್ನ ಕೆಲಸವನ್ನು ಮಗುವೇ ಆರಿಸಿಕೊಳ್ಳಲಿ ಎನ್ನುವವರಿಗೂ ಹೇಗೆ ತಾನೆ ಹೊಂದೀತು? 1934ರಲ್ಲಿ ಮಾಂಟೆಸ್ಸರಿಯವರು ಇಟಲಿ ಬಿಟ್ಟರು, ಅಲ್ಲಿನ ಅವರ ಶಾಲೆಗಳು ಮುಚ್ಚಿದವು. ಜರ್ಮನಿಯಲ್ಲಿ ಹಿಟ್ಲರನ ಸರ್ಕಾರವೂ ಅವರ ಶಾಲೆಗಳನ್ನು ಮುಚ್ಚಿಸಿತು. ಸ್ಪೇನ್ ದೇಶಕ್ಕೆ ಹೋದರೆ 1936ರಲ್ಲಿ ಅಲ್ಲೂ ಅಂತರ್ಯುದ್ಧ. ಕೊನೆಗೆ ನೆದರ್ಲೆಂಡ್ಸ್‌ನಲ್ಲಿ ಆಶ್ರಯ ಪಡೆದರು. ಹಿಟ್ಲರನ ಕಾಲದ ಕ್ರೌರ್ಯವನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟ ಆನ್ ಫ್ರಾಂಕ್ ಎಂಬ ಹುಡುಗಿ ಓದಿದ್ದು ಅದೇ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದ ಮಾಂಟೆಸ್ಸರಿ ಶಾಲೆಯಲ್ಲಿ. ಯಹೂದಿ ಎಂಬ ಕಾರಣಕ್ಕೆ 1941ರಲ್ಲಿ ಆ ಶಾಲೆಯನ್ನು ಬಿಡಬೇಕಾಯಿತು.

ಮದ್ರಾಸಿನಲ್ಲಿ, ಕೊಡೈಕನಾಲ್‌ನಲ್ಲಿ

ಭಾರತದವರು ಅಷ್ಟರಲ್ಲಾಗಲೇ ಮಾಂಟೆಸ್ಸರಿಯವರ ಬಗ್ಗೆ ಓದಿಕೊಂಡಿದ್ದರು. ಗುಜರಾತಿನ ಭಾವನಗರದಲ್ಲಿ ವಕೀಲಿ ವೃತ್ತಿ ಬಿಟ್ಟು ಶಿಕ್ಷಕರಾದ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಬಾಲಮಂದಿರ ತೆರೆದು ಈ ವಿಧಾನವನ್ನು ನಮ್ಮ ನೆಲಕ್ಕೆ ಒಗ್ಗಿಸಿದರು. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆಂದು ಲಂಡನ್ನಿಗೆ ಹೋಗಿದ್ದ ಗಾಂಧೀಜಿ ಮಾಂಟೆಸ್ಸರಿಯವರನ್ನು ಭೇಟಿ ಮಾಡಿದರು. ಇಂತಹ ಶಿಕ್ಷಣ ಶ್ರೀಮಂತರ ಮಕ್ಕಳಿಗಷ್ಟೇ ಅಲ್ಲದೆ ಕಡುಬಡವರ ಮಕ್ಕಳಿಗೂ ಸಿಗಬೇಕೆಂಬ ಆಸೆಯನ್ನು ಅಲ್ಲಿ ಹೇಳಿಕೊಂಡರು.

1939ರ ಕೊನೆಯಲ್ಲಿ ಥಿಯಸಾಫಿಕಲ್ ಸೊಸೈಟಿಯ ಅಧ್ಯಕ್ಷ ಅರುಂಡೇಲ್ ಮತ್ತು ಅವರ ಪತ್ನಿ, ನೃತ್ಯ ಕಲಾವಿದೆ ರುಕ್ಮಿಣಿದೇವಿಯವರ ಆಹ್ವಾನದ ಮೇರೆಗೆ ಮಾಂಟೆಸ್ಸರಿಯವರು ಮದ್ರಾಸಿನ ಅಡ್ಯಾರಿಗೆ ಬಂದರು. ಆಗ ಅವರಿಗೆ 69 ವರ್ಷ. ಜೊತೆಯಲ್ಲಿ ಮಗ ಮಾರಿಯೊ. ಅವರನ್ನು ಕಾಣಲು ಗಿಜುಭಾಯಿ ಇರಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ತೀರಿಕೊಂಡಿದ್ದರು. ತಾಳೆಗರಿಯ ಚಪ್ಪರದ ಕೆಳಗೆ ತರಬೇತಿ ನಡೆಯಿತು. ದೇಶದ ನಾನಾ ಕಡೆಗಳಿಂದ ಸುಮಾರು 300 ಮಂದಿ ಬಂದಿದ್ದರು. ತಾಯಿ ಇಟಾಲಿಯನ್ ಭಾಷೆಯಲ್ಲಿ ಪಾಠ ಮಾಡುವುದು, ಮಗ ಅದನ್ನು ಇಂಗ್ಲಿಷ್‌ನಲ್ಲಿ ಹೇಳುವುದು. ಕೆಲವು ತಿಂಗಳಿದ್ದು ಹಿಂತಿರುಗುವುದೆಂದು ಅವರ ಯೋಜನೆ.

ಆದರೆ 1940ರ ಜೂನ್‌ನಲ್ಲಿ ಇಟಲಿ ಎರಡನೆಯ ಮಹಾಯುದ್ಧಕ್ಕೆ ಇಳಿಯಿತು, ಬ್ರಿಟನ್ನಿನ ಶತ್ರುವಾಯಿತು. ಭಾರತ ಆಗ ಬ್ರಿಟಿಷರ ಆಡಳಿತದಲ್ಲಿತ್ತಲ್ಲವೆ? ಮುಸೊಲಿನಿಯ ಇಟಲಿಯಿಂದ ಹೊರಬಿದ್ದವರನ್ನೇ ಇಟಲಿಯವರೆಂದು ಶತ್ರುಗಳ ಪಟ್ಟಿಗೆ ಸೇರಿಸಿದರು! ಮಾರಿಯೊನನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ವಯಸ್ಸಾದ ತಾಯಿ ಅಡ್ಯಾರಿನಲ್ಲೇ ಉಳಿದರು. ಹದಿನೈದು ವರ್ಷ ಕಾದು ಪಡೆದ ಮಗ ಮತ್ತೆ ದೂರವಾದ. ಆಗಸ್ಟ್ 31ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬದ ದಿನ, ಸರ್ಕಾರ ಮಾರಿಯೊನನ್ನು ಬಿಡುಗಡೆ ಮಾಡಿತು.

ಯುದ್ಧ ಮುಗಿಯುವವರೆಗೆ ಅವರು ದೇಶ ಬಿಡುವಂತಿರಲಿಲ್ಲ. ಕೆಲವು ತಿಂಗಳಿಗೆಂದು ಬಂದವರು ಸುಮಾರು ಏಳು ವರ್ಷ ಇಲ್ಲೇ ಉಳಿದರು. ಸಾವಿರಕ್ಕೂ ಹೆಚ್ಚು ಶಿಕ್ಷಕರಿಗೆ ತರಬೇತಿ ಕೊಟ್ಟರು.

1942ರಿಂದ 1944ರವರೆಗೆ ಅವರಿದ್ದದ್ದು ಕೊಡೈಕನಾಲ್ ಬೆಟ್ಟದಲ್ಲಿ. ಅಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳ ಪುಟ್ಟ ಶಾಲೆ ನಡೆಯಿತು. ಸುತ್ತ ಕಾಡು, ಕೆರೆ, ತೊರೆ. ಗಿಡ, ಎಲೆ, ಹುಳು, ಕಲ್ಲು ಎಂದು ಮಕ್ಕಳು ಏನೇನೋ ಹುಡುಕುತ್ತಿದ್ದರು, ಪ್ರಶ್ನೆ ಕೇಳುತ್ತಿದ್ದರು. ಆರು ವರ್ಷ ದಾಟಿದ ಮಕ್ಕಳು ಇದೇನು ಎಂದು ಕೇಳುವುದಕ್ಕಿಂತ ಹೀಗೇಕೆ ಎಂದು ಹೆಚ್ಚು ಕೇಳುತ್ತಾರೆಂಬುದನ್ನು ಮಾಂಟೆಸ್ಸರಿಯವರು ಗಮನಿಸಿದರು. ಅಂತಹ ಮಕ್ಕಳಿಗೆ ವಿಜ್ಞಾನ, ಇತಿಹಾಸ, ಭೂಗೋಳ ಎಂದು ಚೂರು ಚೂರು ಪಾಠ ಸಾಲದು, ಇಡೀ ವಿಶ್ವದ ಕಥೆಯನ್ನೇ ಮೊದಲು ಹೇಳಬೇಕು ಎಂಬ ವಿಚಾರ ಇಲ್ಲಿ ಬಲಿಯಿತು. ವಿಶ್ವ ಹುಟ್ಟಿದ್ದು, ಜೀವ ಬಂದದ್ದು, ಮನುಷ್ಯ ಬಂದದ್ದು, ಬರಹ ಬಂದದ್ದು, ಸಂಖ್ಯೆ ಬಂದದ್ದು ಹೀಗೆ. ಇಂದು ಲೋಕದ ಎಲ್ಲೆಡೆಯ ಮಾಂಟೆಸ್ಸರಿ ಪ್ರಾಥಮಿಕ ಶಾಲೆಗಳಲ್ಲಿ ಹೇಳುವ ಈ ಕಥೆಗಳು ರೂಪುಗೊಂಡದ್ದು ನಮ್ಮ ದಕ್ಷಿಣ ಭಾರತದ ಒಂದು ಬೆಟ್ಟದ ಮೇಲೆ ಎಂಬುದು ನಮಗೆ ಹೆಮ್ಮೆಯ ವಿಷಯ.

ಭೂಮಿಯ ವಯಸ್ಸನ್ನು ತೋರಿಸಲು ಆ ಶಾಲೆಗಳಲ್ಲಿ ಉದ್ದನೆಯ ಕಪ್ಪು ಬಟ್ಟೆಯನ್ನು ಹಾಸುತ್ತಾರೆ. ನೀವು ದಾರದಲ್ಲಿ ಮಾಡಬಹುದು. ಭೂಮಿಗೆ ಸುಮಾರು 460 ಕೋಟಿ ವರ್ಷ. ಶಾಲೆಯ ಮೈದಾನದಲ್ಲಿ 46 ಮೀಟರ್ ದಾರ ಎಳೆಯಿರಿ. ಆಗ ಒಂದು ಮೀಟರ್ ಎಂದರೆ ಹತ್ತು ಕೋಟಿ ವರ್ಷ, ಒಂದು ಮಿಲಿಮೀಟರ್ ಎಂದರೆ ಒಂದು ಲಕ್ಷ ವರ್ಷ. ಕೂಡ್ಲಿಗಿ ತಾಲೂಕಿನ ಗುಡೇಕೋಟೆಯ ಸುತ್ತಲಿನ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷವಾಗಿದೆ. ದಾರದ ಆರಂಭದಿಂದ 21 ಮೀಟರ್ ನಡೆದರೆ ಆ ಜಾಗ ಸಿಗುತ್ತದೆ. ಡೈನೋಸಾರ್‌ಗಳು ಅಳಿದದ್ದು ಕೊನೆಯ ತುದಿಯಿಂದ 66 ಸೆಂ.ಮೀ. ಹಿಂದೆ. ನಮ್ಮಂತಹ ಮನುಷ್ಯರು ಬಂದು ಸುಮಾರು ಮೂರು ಲಕ್ಷ ವರ್ಷವಾಯಿತು, ಅದು ಕೊನೆಯ 3 ಮಿಲಿಮೀಟರ್! ಹಂಪಿಯ ವಿಜಯನಗರ ಸಾಮ್ರಾಜ್ಯವನ್ನು ಈ ದಾರದಲ್ಲಿ ಗುರುತಿಸಲು ಆಗುತ್ತದೆಯೇ, ಯೋಚಿಸಿ.

ನಿಮ್ಮ ವಯಸ್ಸಿನವರಿಗೆ ಏನು ಹೇಳಿದರು?

ಮಾಂಟೆಸ್ಸರಿ ಎಂದರೆ ಎಲ್‌ಕೆಜಿ, ಯುಕೆಜಿ ಎಂದುಕೊಳ್ಳುವವರೇ ಹೆಚ್ಚು. ಆದರೆ ಅವರು ಯೋಚಿಸಿದ್ದು ಹುಟ್ಟಿನಿಂದ ಇಪ್ಪತ್ತನಾಲ್ಕು ವರ್ಷದವರೆಗೆ. ಆರಾರು ವರ್ಷಕ್ಕೆ ಒಂದೊಂದು ಘಟ್ಟ. ಆರು ವರ್ಷದವರೆಗೆ ಮಗು ಸುತ್ತಲಿನದನ್ನು ತಾನೇ ಹೀರಿಕೊಳ್ಳುತ್ತದೆ. ನೀವು ಮಾತೃಭಾಷೆಯನ್ನು ಯಾರ ಪಾಠವೂ ಇಲ್ಲದೆ ಕಲಿತಿರಲ್ಲ, ಹಾಗೆ. ಆರರಿಂದ ಹನ್ನೆರಡು ಪ್ರಶ್ನೆಗಳ ಕಾಲ, ಕಲ್ಪನೆಯ ಕಾಲ. ಹನ್ನೆರಡರಿಂದ ಹದಿನೆಂಟು ಮೂರನೆಯ ಘಟ್ಟ. ಈ ಲೇಖನ ಓದುತ್ತಿರುವ ಏಳನೆಯ ತರಗತಿಯವರು ಎರಡನೆಯದನ್ನು ದಾಟಿ ಮೂರನೆಯದರ ಹೊಸ್ತಿಲಲ್ಲಿ ನಿಂತಿದ್ದೀರಿ.

ಆಮ್‌ಸ್ಟರ್‌ಡ್ಯಾಮ್‌ನಲ್ಲಿ 1930ರಲ್ಲೇ ಮಾಂಟೆಸ್ಸರಿ ಪ್ರೌಢಶಾಲೆ ಆರಂಭವಾಗಿತ್ತು. ಆದರೆ ಮಾಂಟೆಸ್ಸರಿಯವರ ಮನಸ್ಸಿನಲ್ಲಿದ್ದ ಪ್ರೌಢಶಾಲೆಯ ಚಿತ್ರ ಇನ್ನೂ ಬೇರೆ. ಈ ವಯಸ್ಸಿನಲ್ಲಿ ದೇಹ ವೇಗವಾಗಿ ಬೆಳೆಯುತ್ತದೆ, ಮನಸ್ಸು ಬೇಗ ನೋಯುತ್ತದೆ, ನಾನೂ ಏನಾದರೂ ಮಾಡಬಲ್ಲೆ ಎಂದು ತೋರಿಸುವ ತವಕವಿರುತ್ತದೆ. ಅವರನ್ನು ದಿನವಿಡೀ ಬೆಂಚಿನ ಮೇಲೆ ಕೂರಿಸಿದರೆ ಹೇಗೆ? ಹೊಲ, ತೋಟ, ಸಣ್ಣ ಅಂಗಡಿ ಇರುವ ಶಾಲೆ ಬೇಕು. ಅಲ್ಲಿ ವಿದ್ಯಾರ್ಥಿಗಳು ಬೆಳೆ ಬೆಳೆಯಬೇಕು, ಮಾರಬೇಕು, ಲೆಕ್ಕ ಬರೆಯಬೇಕು. ಆ ಕೆಲಸದಿಂದಲೇ ಜೀವಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಇತಿಹಾಸ ಹೊರಡಬೇಕು. ಅಂತಹವರನ್ನು ಅವರು ಭೂಮಿಯ ಮಕ್ಕಳು ಎಂದು ಕರೆದರು.

ಇದನ್ನು ಓದಿ ನಿಮಗೆ ನಗು ಬರಬಹುದು. ಹೊಲದ ಕೆಲಸ ನಿಮಗೆ ಹೊಸದಲ್ಲ. ಶೇಂಗಾ ಬಿಡಿಸುವುದು, ಮೆಕ್ಕೆಜೋಳ ಒಣಗಿಸುವುದು, ಹಡಗಲಿಯ ಕಡೆಯವರಾದರೆ ಬೆಳಗಾಗುವ ಮುಂಚೆ ಮಲ್ಲಿಗೆ ಮೊಗ್ಗು ಬಿಡಿಸುವುದು ಎಲ್ಲವೂ ಗೊತ್ತು. ಆದರೆ ವ್ಯತ್ಯಾಸವನ್ನು ಗಮನಿಸಿ. ಶಾಲೆ ಬಿಡಿಸಿ ಕೂಲಿಗೆ ಕಳಿಸುವುದನ್ನು ಮಾಂಟೆಸ್ಸರಿಯವರು ಹೇಳಲಿಲ್ಲ, ಅದು ಕಾನೂನಿಗೆ ವಿರುದ್ಧ ಕೂಡ. ಮೊಗ್ಗು ರಾತ್ರಿಯೇ ಏಕೆ ಅರಳುತ್ತದೆ, ಶೇಂಗಾ ಬೇರಿನ ಗಂಟುಗಳಲ್ಲಿ ಏನಿದೆ, ಹರಪನಹಳ್ಳಿಯ ಸಂತೆಯಲ್ಲಿ ಮೆಕ್ಕೆಜೋಳದ ದರ ಏರಿಳಿಯುವುದು ಹೇಗೆ ಎಂಬ ಪ್ರಶ್ನೆಗಳು ಶಾಲೆಯೊಳಗೆ ಬರಬೇಕು ಎಂಬುದು ಅವರ ವಿಚಾರ. ನಿಮಗೆ ಈಗಾಗಲೇ ತಿಳಿದಿರುವುದನ್ನು ಶಾಲೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿಮ್ಮಲ್ಲಿ ಹಲವರು ಒಂದರಿಂದ ಮೂರನೆಯ ತರಗತಿಯವರೆಗೆ ನಲಿ-ಕಲಿಯಲ್ಲಿ ಓದಿದವರು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಕೆಲವು ಸರ್ಕಾರಿ ಶಾಲಾ ಶಿಕ್ಷಕರು ಆರಂಭಿಸಿದ ನಲಿ-ಕಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ರೂಪುಗೊಂಡದ್ದು. ಅದು ಮಾಂಟೆಸ್ಸರಿ ಪದ್ಧತಿಯಲ್ಲ. ಆದರೂ ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂರುವುದು, ಕಾರ್ಡನ್ನು ಮಗುವೇ ತೆಗೆದುಕೊಳ್ಳುವುದು, ತನ್ನ ವೇಗದಲ್ಲಿ ಮುಂದೆ ಹೋಗುವುದು, ಇವನ್ನು ನೋಡಿದ್ದರೆ ಸ್ಯಾನ್ ಲೊರೆಂಜೊದ ಆ ವೈದ್ಯೆಗೆ ಗುರುತು ಸಿಗುತ್ತಿತ್ತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದ ತಿರುಮಕೂಡಲು ನರಸೀಪುರವೂ ಆ ಪಟ್ಟಿಯಲ್ಲಿತ್ತು. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಹಗಲಿನಲ್ಲಿ ಒಂದು ಕೋಣೆ, ಊಟ, ಆಟ. ಬೋರ್ಡಿನ ಮೇಲೆ ಹೆಸರಿರಲಿ ಬಿಡಲಿ, 1907ರ ಆ ಕೋಣೆಗೆ ಹತ್ತಿರದ ನೆಂಟ ನಿಮ್ಮ ಓಣಿಯ ಅಂಗನವಾಡಿಯೇ ಎಂದು ನನಗನ್ನಿಸುತ್ತದೆ. ಅಲ್ಲಿನ ಕಪಾಟು ಮಕ್ಕಳ ಕೈಗೆ ಎಟಕುತ್ತದೆಯೇ ಎಂದು ಒಮ್ಮೆ ನೋಡಿ ಬನ್ನಿ.

ಮಾಂಟೆಸ್ಸರಿಯವರು 1946ರಲ್ಲಿ ಯೂರೋಪಿಗೆ ಹೋಗಿ, ಮರುವರ್ಷ ಮತ್ತೆ ಭಾರತಕ್ಕೆ ಬಂದು, 1949ರಲ್ಲಿ ಇಲ್ಲಿಂದ ಕೊನೆಯ ಬಾರಿ ಹೊರಟರು. ನೊಬೆಲ್ ಶಾಂತಿ ಪ್ರಶಸ್ತಿಗೆ ಅವರ ಹೆಸರು ಮೂರು ಬಾರಿ ಸೂಚಿತವಾದರೂ ಪ್ರಶಸ್ತಿ ಬರಲಿಲ್ಲ. 1952ರ ಮೇ 6ರಂದು, ನೆದರ್ಲೆಂಡ್ಸ್‌ನ ಸಮುದ್ರ ತೀರದ ನೋರ್ಡ್‌ವೈಕ್ ಎಂಬ ಊರಿನಲ್ಲಿ, 81ನೆಯ ವಯಸ್ಸಿನಲ್ಲಿ ನಿಧನರಾದರು. ಆ ದಿನಗಳಲ್ಲಿ ಅವರು ಮಾರಿಯೊನ ಜೊತೆ ಮಾತನಾಡುತ್ತಿದ್ದದ್ದು ಶಿಕ್ಷಕರಿಗೆ ತರಬೇತಿ ಕೊಡಲು ಆಫ್ರಿಕಾಕ್ಕೆ ಹೋಗುವ ವಿಚಾರವನ್ನು. ಅವರನ್ನು ಅಲ್ಲಿಯೇ ಸಮಾಧಿ ಮಾಡಿದರು. ಅವರ ಶಾಲೆಗಳನ್ನು ಮುಚ್ಚಿಸಿದ್ದ ಇಟಲಿ ದೇಶ 1990ರಲ್ಲಿ ತನ್ನ ಸಾವಿರ ಲಿರಾ ನೋಟಿನ ಮೇಲೆ ಅವರ ಚಿತ್ರ ಮುದ್ರಿಸಿತು. ನೋಟಿನ ಹಿಂಬದಿಯಲ್ಲಿ ಓದುತ್ತ ಕುಳಿತ ಮಕ್ಕಳಿದ್ದರು.